ಕಾರ್ಲ್‌ಶ್ಟೈನ್ ಕೋಟೆಗೆ ಹೋಗಿ ಚಿನ್ನದ ಕೋಣೆ ನೋಡದೆ ಬರಬೇಡಿ

ಪ್ರಾಗ್ ನೋಡಲು ಹೋದವರು ಒಂದು ದಿನವನ್ನು ಕಾರ್ಲ್‌ಶ್ಟೈನ್‌ಗೆ ಎತ್ತಿಡುವುದುಂಟು. ನಗರದಿಂದ ನೈಋತ್ಯಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಬೆರೌಂಕಾ ನದಿಯ ಕಾಡುಕಣಿವೆಯೊಳಗೆ, ಸುಣ್ಣಕಲ್ಲಿನ ಬಂಡೆಯ ಮೇಲೆ ಈ ಕೋಟೆ ಇದೆ. ಬೊಹೆಮಿಯಾದ (ಇಂದಿನ ಚೆಕ್ ದೇಶದ ಪಶ್ಚಿಮ ಭಾಗ) ದೊರೆ ನಾಲ್ಕನೇ ಚಾರ್ಲ್ಸ್ 1348ರಲ್ಲಿ ಇದಕ್ಕೆ ಅಡಿಪಾಯ ಹಾಕಿಸಿದ. 1355ರಲ್ಲಿ ಪವಿತ್ರ ರೋಮನ್ ಸಾಮ್ರಾಟನಾದ ಮೇಲೆ ಸಾಮ್ರಾಜ್ಯದ ಕಿರೀಟ, ಖಡ್ಗ, ಸಂತರ ಮೂಳೆ ಮೊದಲಾದ ಅವಶೇಷಗಳನ್ನೆಲ್ಲ ಇಲ್ಲಿನ ಅತಿ ಎತ್ತರದ ಗೋಪುರದಲ್ಲಿ ಇಡಿಸಿದ. ಅವುಗಳಿಗೆಂದೇ ಅಲಂಕರಿಸಿದ್ದು ಪವಿತ್ರ ಶಿಲುಬೆಯ ಪ್ರಾರ್ಥನಾಲಯ. ಚಿನ್ನದ ಕೋಣೆ ಎಂದದ್ದು ಇದನ್ನೇ.

ಬಂದವರಲ್ಲಿ ಬಹುಪಾಲು ಜನ ಬೆವರು ಸುರಿಸುತ್ತ ಗುಡ್ಡ ಹತ್ತುತ್ತಾರೆ, ಕೌಂಟರಿನಲ್ಲಿ ಸಿಕ್ಕ ಟಿಕೆಟ್ ಕೊಳ್ಳುತ್ತಾರೆ, ಒಂದು ಗಂಟೆ ಸುತ್ತಿ ಕೆಳಗಿಳಿಯುತ್ತಾರೆ. ಆ ಪ್ರಾರ್ಥನಾಲಯ ತಾವು ಕೊಂಡ ಟಿಕೆಟ್ಟಿನಲ್ಲಿ ಇರಲೇ ಇಲ್ಲ ಎಂದು ಗೊತ್ತಾಗುವುದು ಪ್ರಾಗ್‌ಗೆ ಮರಳಿದ ಮೇಲೆ. ಆದ್ದರಿಂದ ಟಿಕೆಟ್ಟಿನಿಂದಲೇ ಶುರು ಮಾಡೋಣ. ಕಷ್ಟವಿರುವುದು ಅಲ್ಲೇ, ಉಳಿದದ್ದೆಲ್ಲ ಸಲೀಸು.

ಹೆಜ್ಜೆ 1: ಸರಿಯಾದ ಸುತ್ತನ್ನು ಮುಂಗಡ ಕಾದಿರಿಸಿ

ಚಿತ್ರದುರ್ಗದಲ್ಲಿ ಟಿಕೆಟ್ ಕೊಂಡು ಇಷ್ಟ ಬಂದ ಕಡೆ ಅಲೆದಂತೆ ಇಲ್ಲಿ ಅಲೆಯಲಾಗದು. ಅಂಗಳಗಳನ್ನು ಬಿಟ್ಟರೆ ಒಳಗಿನ ಯಾವ ಮುಖ್ಯ ಕೋಣೆಗೂ ಗೈಡ್ ಇಲ್ಲದೆ ಪ್ರವೇಶವಿಲ್ಲ. ಗೈಡ್ ಬೀಗ ತೆಗೆದು ಗುಂಪನ್ನು ಒಳಗೆ ಬಿಟ್ಟುಕೊಂಡು ಹಿಂದೆಯೇ ಬಾಗಿಲು ಹಾಕಿಕೊಳ್ಳುತ್ತಾರೆ. ಟಿಕೆಟ್ ಎಂದರೆ ಇಲ್ಲಿ ಕೋಟೆಯ ಟಿಕೆಟ್ ಅಲ್ಲ, ನಿಗದಿತ ಗಂಟೆಗೆ ನಿಗದಿತ ಭಾಷೆಯಲ್ಲಿ ನಡೆಯುವ ಒಂದು ಸುತ್ತಿನ ಟಿಕೆಟ್.

ಸುತ್ತುಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಸುಮಾರು 55 ನಿಮಿಷದ್ದು. ಸಾಮ್ರಾಟನ ಅರಮನೆ, ಅವನ ಮಲಗುವ ಕೋಣೆ, ದರ್ಬಾರು ಕೋಣೆ, ಭಂಡಾರ ಇವೆಲ್ಲ ಅದರಲ್ಲಿ ಬರುತ್ತವೆ. ಎರಡನೆಯದು ಒಂದೂವರೆ ಗಂಟೆಗೂ ಹೆಚ್ಚಿನದು. ಮೇರಿಯ ಗೋಪುರದ ಚರ್ಚ್ ಮತ್ತು ದೊಡ್ಡ ಗೋಪುರದ ಪವಿತ್ರ ಶಿಲುಬೆಯ ಪ್ರಾರ್ಥನಾಲಯ ಇರುವುದು ಇದರಲ್ಲಿ. ನಿಮಗೆ ಬೇಕಾದದ್ದು ಎರಡನೆಯದು. ಬೆಲೆ ಮೊದಲನೆಯದಕ್ಕಿಂತ ಬಹಳ ಜಾಸ್ತಿ, ಆದರೂ ಅದೇ ತೆಗೆದುಕೊಳ್ಳಿ. ಒಂದೇ ಸುತ್ತಿಗೆ ಹಣವಿದ್ದರಂತೂ ಮೊದಲನೆಯದನ್ನು ಯೋಚನೆ ಮಾಡದೆ ಬಿಡಿ. ದೊಡ್ಡ ಗೋಪುರದ ಮೇಲ್ಭಾಗಕ್ಕೆ ಹತ್ತಿಸುವ ಮೂರನೆಯ ಸುತ್ತೂ ಇದೆ. ಕಣಿವೆಯ ನೋಟಕ್ಕೆ ಅದು ಚೆನ್ನ, ಆದರೆ ಅದರಲ್ಲೂ ಪ್ರಾರ್ಥನಾಲಯ ಸೇರಿಲ್ಲ. ಗೋಪುರದ ಹೆಸರು ನೋಡಿ ಅದನ್ನೇ ಕಾದಿರಿಸಿ ಮೋಸಹೋಗುವವರಿದ್ದಾರೆ.

ಎರಡನೆಯ ಸುತ್ತು ಕೈತಪ್ಪುವುದಕ್ಕೆ ಕಾರಣ ಅದರ ಮಿತಿ: ಒಂದು ಗುಂಪಿನಲ್ಲಿ 16 ಜನಕ್ಕಿಂತ ಹೆಚ್ಚು ಬಿಡುವುದಿಲ್ಲ. ಒಳಗಿರುವುದು ಹದಿನಾಲ್ಕನೇ ಶತಮಾನದ ಮರದ ಫಲಕಗಳು ಮತ್ತು ಚಿನ್ನದ ಲೇಪದ ಗಾರೆ. ಜನರ ಉಸಿರಿನ ತೇವ, ಮೈಯ ಶಾಖ ಎರಡೂ ಬಣ್ಣವನ್ನು ಎಬ್ಬಿಸುತ್ತವೆ. ಇದೇ ಕಾರಣಕ್ಕೆ ಎರಡು ದಶಕದಷ್ಟು ಕಾಲ ಸಾರ್ವಜನಿಕರಿಗೆ ಮುಚ್ಚಿದ್ದ ಈ ಕೋಣೆಯನ್ನು 2000ದಲ್ಲಷ್ಟೇ ಮತ್ತೆ ತೆರೆದರು. ಚಳಿಗಾಲದಲ್ಲಿ ಈ ಸುತ್ತು ನಡೆಯುವುದಿಲ್ಲ. ಸ್ಥೂಲವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಎಂದು ಲೆಕ್ಕ ಇಟ್ಟುಕೊಳ್ಳಿ. ಡಿಸೆಂಬರ್‌ನ ಕ್ರಿಸ್‌ಮಸ್ ಸಂತೆ ನೋಡಲು ಬಂದವರು ಈ ಆಸೆ ಬಿಡಬೇಕು.

ಕಾದಿರಿಸುವಾಗ ನಾಲ್ಕು ಸಂಗತಿ ನೋಡಿ. ಒಂದು, ಜಾಲತಾಣ ಕೋಟೆಯದ್ದೇ ಆಗಿರಲಿ. ಕೋಟೆಯನ್ನು ನಡೆಸುತ್ತಿರುವುದು ಚೆಕ್ ಸರ್ಕಾರದ ರಾಷ್ಟ್ರೀಯ ಪರಂಪರೆ ಸಂಸ್ಥೆ, ಅದರ ಹೆಸರು ಪುಟದಲ್ಲಿ ಇರುತ್ತದೆ. ‘ಸಾಲು ನಿಲ್ಲದೆ ಒಳಗೆ’ ಎಂದು ಮಾರುವ ಮಧ್ಯವರ್ತಿಗಳ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಇರುವುದು ಮೊದಲನೆಯ ಸುತ್ತು, ಅದೂ ದುಪ್ಪಟ್ಟು ದುಡ್ಡಿಗೆ. ಪ್ಯಾಕೇಜಿನ ವಿವರದಲ್ಲಿ ಪವಿತ್ರ ಶಿಲುಬೆಯ ಪ್ರಾರ್ಥನಾಲಯ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಅದು ಇಲ್ಲವೆಂದೇ ತಿಳಿಯಿರಿ. ಎರಡು, ಭಾಷೆ. ಚೆಕ್ ಭಾಷೆಯ ಸುತ್ತುಗಳೇ ಹೆಚ್ಚು, ಇಂಗ್ಲಿಷಿನವು ಕಡಿಮೆ. ಖಾಲಿ ಇದೆ ಎಂದು ಕಂಡ ಗಂಟೆಯನ್ನು ಒತ್ತಿಬಿಟ್ಟರೆ ಒಂದೂವರೆ ಗಂಟೆ ಚೆಕ್ ಕೇಳಿಸಿಕೊಳ್ಳಬೇಕಾಗುತ್ತದೆ. ಹಾಗೆಂದು ಇಂಗ್ಲಿಷ್ ಪೂರ್ತಿ ತುಂಬಿದ್ದರೆ ಕೈಬಿಡಬೇಡಿ, ಚೆಕ್ ಸುತ್ತಿಗೇ ಸೇರಿಕೊಳ್ಳಿ. ಕಣ್ಣಿಗೆ ಭಾಷೆ ಬೇಕಿಲ್ಲ. ಮೂರು, ವಾರ. ಜುಲೈ, ಆಗಸ್ಟ್ ಬಿಟ್ಟರೆ ಸೋಮವಾರ ಸಾಮಾನ್ಯವಾಗಿ ಕೋಟೆಗೆ ರಜೆ. ನಾಲ್ಕು, ಹಣ ಕಟ್ಟುವಾಗ ‘ರೂಪಾಯಿಯಲ್ಲಿ ಕೊಡುತ್ತೀರಾ, ಕೊರುನಾದಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಚೆಕ್ ಹಣವಾದ ಕೊರುನಾ ಎನ್ನಿ. ರೂಪಾಯಿ ಎಂದರೆ ಅವರು ಹಾಕಿದ್ದೇ ದರ.

ಬೇಸಿಗೆಗೆ ವಾರಗಟ್ಟಲೆ ಮುಂಚೆಯೇ ಕಾದಿರಿಸಿ. ಪ್ರಾಗ್‌ಗೆ ಬಂದಿಳಿದ ಮೇಲೆ ನೋಡೋಣ ಎಂದರೆ ಜಾಗ ಸಿಗುವುದು ಅಪರೂಪ. ಹಾಗೆ ಕೈತಪ್ಪಿತೋ, ಮೊದಲನೆಯ ಸುತ್ತಿಗೆ ಓಡಬೇಡಿ. ಪ್ರಾಗ್‌ನಲ್ಲೇ ಬದಲಿ ವ್ಯವಸ್ಥೆ ಇದೆ. ಈ ಪ್ರಾರ್ಥನಾಲಯದ ಕೆಲವು ಮೂಲ ಫಲಕಗಳನ್ನು ನಗರದ ಸಂತ ಆಗ್ನೆಸ್ ಮಠದಲ್ಲಿರುವ ರಾಷ್ಟ್ರೀಯ ಗ್ಯಾಲರಿಯಲ್ಲಿ ಇಟ್ಟಿದ್ದಾರೆ, ಮೂಗು ತಾಗುವಷ್ಟು ಹತ್ತಿರ ನಿಂತು ನೋಡಬಹುದು. ಅದೇ ದೊರೆ ಅದೇ ಬಗೆಯ ಕಲ್ಲು ಹುದುಗಿಸಿ ಮಾಡಿಸಿದ ಗೋಡೆ ಸಂತ ವೀಟುಸ್ ಕೆಥೆಡ್ರಲ್‌ನ ವೆನ್ಸೆಸ್ಲಾಸ್ ಪ್ರಾರ್ಥನಾಲಯದಲ್ಲಿದೆ. ಎರಡನ್ನೂ ನೋಡಿ, ಕಾರ್ಲ್‌ಶ್ಟೈನ್ ಅನ್ನು ಹೊರಗಿನಿಂದ ಸುತ್ತಿ ಕಾಡಿನಲ್ಲಿ ನಡೆದರೆ ದಿನ ವ್ಯರ್ಥವಾಗದು.

ಹೆಜ್ಜೆ 2: ಸಮಯವನ್ನು ಹಿಂದಿನಿಂದ ಎಣಿಸಿ

ಸುತ್ತು ಶುರುವಾದ ಮೇಲೆ ಬಂದವರಿಗೆ ಬಾಗಿಲು ತೆರೆಯುವುದಿಲ್ಲ, ದುಡ್ಡೂ ಮರಳುವುದಿಲ್ಲ. 11 ಗಂಟೆಯ ಸುತ್ತು ಎಂದುಕೊಳ್ಳಿ. ಟಿಕೆಟ್ ತೋರಿಸಿ, ಶೌಚಾಲಯಕ್ಕೆ ಹೋಗಿಬಂದು, ಸುತ್ತು ಹೊರಡುವ ಜಾಗ ಹುಡುಕಲು 20 ನಿಮಿಷ. ನಿಲ್ದಾಣದಿಂದ ಮೇಲಕ್ಕೆ ನಡೆಯಲು 40. ರೈಲಿಗೆ 40. ಅಂದರೆ ತಪ್ಪಿದರೂ 9.20ರೊಳಗೆ ಪ್ರಾಗ್ ಬಿಡಬೇಕು. ಅದಕ್ಕೂ ಹಿಂದಿನ ರೈಲನ್ನೇ ಹಿಡಿಯಿರಿ. ವಯಸ್ಸಾದವರು ಜೊತೆಗಿದ್ದರೆ ಇನ್ನೊಂದು ಅರ್ಧ ಗಂಟೆ ಸೇರಿಸಿ.

ಹೆಜ್ಜೆ 3: ರೈಲು

ಪ್ರಾಗ್ ಮುಖ್ಯ ನಿಲ್ದಾಣದಿಂದ ಬೆರೌನ್ ಕಡೆಗೆ ಹೋಗುವ ಎಸ್7 ಲೋಕಲ್ ಹತ್ತಿ. ಪ್ಲಜೆನ್ ಕಡೆಯ ವೇಗದ ರೈಲು ಅದೇ ಹಳಿಯ ಮೇಲೆ ಹೋದರೂ ಕಾರ್ಲ್‌ಶ್ಟೈನ್‌ನಲ್ಲಿ ನಿಲ್ಲುವುದಿಲ್ಲ. ನಗರದ ದಿನದ ಪಾಸ್ ಇಲ್ಲಿವರೆಗೆ ಸಾಲದು, ಹೊರವಲಯಗಳಿಗೆ ಹೆಚ್ಚುವರಿ ಟಿಕೆಟ್ ಬೇಕು. ಜಾದ್ನಿ ತ್ರೆಬಾನ್ ನಿಲ್ದಾಣ ದಾಟಿದ ಕೂಡಲೇ ಇಳಿಯಲು ಎದ್ದು ನಿಲ್ಲಿ.

ಕಾರಿನಲ್ಲಿ ಹೋಗುವುದು ಬೇಡ. ಕೋಟೆಯ ಬಾಗಿಲವರೆಗೆ ಕಾರು ಬಿಡುವುದಿಲ್ಲ, ಹಳ್ಳಿಯ ಕೆಳಗೆ ದುಡ್ಡು ಕೊಟ್ಟು ನಿಲ್ಲಿಸಿ ಅಷ್ಟೇ ಹತ್ತಬೇಕು.

ಹೆಜ್ಜೆ 4: ಹತ್ತುವುದು

ನಿಲ್ದಾಣ ಇರುವುದು ನದಿಯ ಆಚೆ ದಡದಲ್ಲಿ. ಸೇತುವೆ ದಾಟಿ ಹಳ್ಳಿಯ ಬೀದಿ ಹಿಡಿದರೆ ದಾರಿ ತಪ್ಪುವ ಮಾತಿಲ್ಲ, ಒಟ್ಟು ಸುಮಾರು 2 ಕಿ.ಮೀ. ಕೊನೆಯ ಭಾಗ ಕಡಿದಾದ ಕಲ್ಲುಹಾಸು. ಮಳೆ ಬಂದರೆ ಜಾರುತ್ತದೆ, ನುಣುಪು ಅಟ್ಟೆಯ ಚಪ್ಪಲಿ ಬೇಡ. ಮಂಡಿನೋವಿನವರಿಗೆ ಕೆಳಗೆ ಟ್ಯಾಕ್ಸಿ, ಕುದುರೆಗಾಡಿ ಸಿಗುತ್ತವೆ, ದರ ಮೊದಲೇ ಮಾತಾಡಿಕೊಳ್ಳಿ. ಆದರೆ ಕೋಟೆಯೊಳಗಿನ ಮೆಟ್ಟಿಲನ್ನು ಯಾವ ಗಾಡಿಯೂ ಉಳಿಸಿಕೊಡದು.

ಬೀದಿಯ ಎರಡೂ ಬದಿ ಅಂಗಡಿ. ಒಂದರೊಳಗೊಂದು ಕೂರುವ ಮರದ ಗೊಂಬೆಗಳು ರಷ್ಯಾದವು, ಕೋಟೆಗೂ ಅವಕ್ಕೂ ಸಂಬಂಧವಿಲ್ಲ. ಕೆಂಡದ ಮೇಲೆ ತಿರುಗಿಸಿ ಸುಡುವ ತ್ರ್‌ದೆಲ್ನಿಕ್ ಎಂಬ ಸಿಹಿ ಸುರುಳಿಯನ್ನು ‘ಹಳೆಯ ಬೊಹೆಮಿಯಾದ ತಿನಿಸು’ ಎಂದು ಮಾರುತ್ತಾರೆ. ಅದಕ್ಕೆ ಹೆಸರಾದ ಊರು ಸ್ಲೊವಾಕಿಯಾದ ಸ್ಕಾಲಿತ್ಸಾ. ಕಾರ್ಲ್‌ಶ್ಟೈನ್‌ನದ್ದೇ ಬೇಕೆಂದರೆ ಸುತ್ತಲ ದ್ರಾಕ್ಷಿತೋಟದ ವೈನ್ ಕೊಳ್ಳಿ. ಇಲ್ಲಿಗೆ ಬರ್ಗಂಡಿಯಿಂದ ದ್ರಾಕ್ಷಿ ತರಿಸಿದವನು ಚಾರ್ಲ್ಸನೇ ಎನ್ನುತ್ತಾರೆ. ಸೆಪ್ಟೆಂಬರ್ ಕೊನೆಯ ದ್ರಾಕ್ಷಿ ಸುಗ್ಗಿಯ ಹಬ್ಬದ ವಾರಾಂತ್ಯ ಮಾತ್ರ, ಕೋಟೆ ನೋಡುವ ಉದ್ದೇಶವಿದ್ದರೆ, ಈ ಕಡೆ ಸುಳಿಯಬೇಡಿ. ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಹೆಜ್ಜೆ 5: ಒಳಗೆ ಏನನ್ನು ನೋಡಬೇಕು

ಹೊರಗಿನ ಚೂಪು ಛಾವಣಿ, ಹಲ್ಲುಹಲ್ಲಾದ ಕೋಟೆಗೋಡೆ ನೋಡಿ ‘ಆರುನೂರು ವರ್ಷದ್ದು’ ಎಂದು ಬೆರಗಾಗಬೇಡಿ. 1887ರಿಂದ 1899ರವರೆಗೆ ವಾಸ್ತುಶಿಲ್ಪಿ ಯೋಸೆಫ್ ಮೋಕರ್ ಇದನ್ನು ತನಗೆ ತಿಳಿದ ಗಾಥಿಕ್ ಶೈಲಿಗೆ ತಿದ್ದಿದ. ಹಳೆಯದು ಉಳಿದಿರುವುದು ಒಳಗೆ. ಆದರೂ ಕಟ್ಟಡಗಳ ಏರಿಕೆಯ ಕ್ರಮ ಚಾರ್ಲ್ಸನ ಕಾಲದ್ದೇ, ಅದನ್ನು ಅಂಗಳದಲ್ಲಿ ನಿಂತು ಗಮನಿಸಿ. ತಗ್ಗಿನಲ್ಲಿ ಬಾವಿಯ ಗೋಪುರ, ಅದಕ್ಕೂ ಮೇಲೆ ಅರಮನೆ, ಆಮೇಲೆ ಮೇರಿಯ ಗೋಪುರ, ತುತ್ತತುದಿಗೆ 60 ಮೀಟರ್ ಎತ್ತರದ ದೊಡ್ಡ ಗೋಪುರ. ದೊರೆ ಮಲಗುವ ಜಾಗಕ್ಕಿಂತ ದೇವರ ಜಾಗ ಎತ್ತರದಲ್ಲಿರಬೇಕು ಎಂಬ ಲೆಕ್ಕ.

ಕಾಯುವ ಹೊತ್ತಿನಲ್ಲಿ ಬಾವಿಯ ಗೋಪುರಕ್ಕೆ ಹೋಗಿಬನ್ನಿ. ಸುಮಾರು 78 ಮೀಟರ್ ಆಳ ತೋಡಿದರೂ ಸುಣ್ಣಕಲ್ಲಿನಲ್ಲಿ ಸೆಲೆ ಸಿಗಲಿಲ್ಲ. ಕೊನೆಗೆ ಹತ್ತಿರದ ಹಳ್ಳದ ನೀರನ್ನು ಗುಟ್ಟಾಗಿ ಸುರಂಗದಲ್ಲಿ ತಂದು ಬಾವಿ ತುಂಬಿಸಿದರು. ಶತ್ರುವಿಗೆ ಗೊತ್ತಾಗಿ ಹಳ್ಳ ತಿರುಗಿಸಿದರೆ ಕೋಟೆಯ ಕಥೆ ಮುಗಿದಂತೆ. 1422ರಲ್ಲಿ ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿಗಳಾದ ಹುಸ್ಸೈಟ್‌ರು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕವಣೆಯಂತ್ರಗಳಿಂದ ಹೊಡೆದರೂ ಕೋಟೆ ಬೀಳಲಿಲ್ಲ.

ಸುತ್ತಿನಲ್ಲಿ ಮೇರಿಯ ಚರ್ಚಿಗೆ ಬಂದಾಗ ಗೋಡೆಯ ಚಿತ್ರಗಳಲ್ಲಿ ಚಾರ್ಲ್ಸ್ ಅವಶೇಷಗಳನ್ನು ಸ್ವೀಕರಿಸುವ ಮೂರು ದೃಶ್ಯ ಹುಡುಕಿ. ದೊಡ್ಡ ಗೋಪುರದ ಮೆಟ್ಟಿಲುಗಳಲ್ಲಿ ಜನ ಕಾಲ ಕೆಳಗೆ ನೋಡುತ್ತ ಹತ್ತುತ್ತಾರೆ; ಪಕ್ಕದ ಗೋಡೆಯಲ್ಲೇ ಬೊಹೆಮಿಯಾದ ರಕ್ಷಕ ಸಂತ ವೆನ್ಸೆಸ್ಲಾಸ್ ಮತ್ತು ಅವನ ಅಜ್ಜಿ ಲುದ್ಮಿಲಾರ ಕಥೆ ಸಾಲುಸಾಲಾಗಿ ಬರುತ್ತದೆ. ಗುಂಪಿನ ಕೊನೆಯಲ್ಲಿ ಹತ್ತಿದರೆ ಅದನ್ನು ನೋಡಲು ಪುರುಸೊತ್ತು ಸಿಗುತ್ತದೆ.

ಪ್ರಾರ್ಥನಾಲಯದಲ್ಲಿ ಸಮಯ ಕಡಿಮೆ, ಆದ್ದರಿಂದ ಕ್ರಮ ಮುಖ್ಯ. ಮೊದಲು ಮೇಲೆ ನೋಡಿ: ಚಿನ್ನದ ಕಮಾನು ಚಾವಣಿಯಲ್ಲಿ ಗಾಜಿನ ನಕ್ಷತ್ರಗಳು. ಆಮೇಲೆ ಕೆಳಗೆ: ಚಿನ್ನದ ಗಾರೆಯಲ್ಲಿ ಹುದುಗಿಸಿದ, ಹೊಳಪು ಕೊಟ್ಟ ಜ್ಯಾಸ್ಪರ್, ಅಮೆಥಿಸ್ಟ್ ಕಲ್ಲುಗಳು. ಉಳಿದ ಹೊತ್ತನ್ನೆಲ್ಲ ನಡುವಿನ ಮುಖಗಳಿಗೆ ಕೊಡಿ. ಆಸ್ಥಾನದ ಕಲಾವಿದ ಥಿಯೊಡೊರಿಕ್ ಮತ್ತು ಅವನ ಕಡೆಯವರು ಬರೆದ ಸಂತರ, ಪ್ರವಾದಿಗಳ ಫಲಕಗಳು 129 ಉಳಿದಿವೆ. ಅವನ ಸಂತರು ತೆಳ್ಳಗಿನ ದೇವಮಾನವರಲ್ಲ. ದಪ್ಪ ಮೂಗು, ಅಗಲ ಭುಜದ ಮನುಷ್ಯರು. ಅವರ ಬಟ್ಟೆ, ಪುಸ್ತಕ ಚೌಕಟ್ಟಿನ ಮೇಲೂ ಹರಿದಿವೆ, ಅಂಚುಗಳನ್ನು ಗಮನಿಸಿ. ಚೌಕಟ್ಟುಗಳಲ್ಲಿನ ಗುಳಿಗಳು ಹಾಳಾದ ಗುರುತಲ್ಲ, ಸಂತರ ಅವಶೇಷ ಇಡಲು ಕೊರೆದವು. ಫೋಟೊ ತೆಗೆಯುವಂತಿಲ್ಲ, ಕದ್ದು ತೆಗೆಯಲೂ ಹೋಗಬೇಡಿ. ಮಂದ ಬೆಳಕಿಗೆ ಫೋನಿನಲ್ಲಿ ಬರುವುದು ಹಳದಿ ಮಸುಕು ಮಾತ್ರ.

ನಿಜವಾದ ಬೊಹೆಮಿಯಾದ ಕಿರೀಟ ಇಲ್ಲಿಲ್ಲ. ಅದು ಪ್ರಾಗ್‌ನ ಸಂತ ವೀಟುಸ್‌ನಲ್ಲಿ ಏಳು ಬೀಗಗಳ ಹಿಂದಿದೆ. ಮೊದಲನೆಯ ಸುತ್ತಿನಲ್ಲಿ ತೋರಿಸುವುದು ಪ್ರತಿಕೃತಿ.

ಹೆಜ್ಜೆ 6: ಊಟ

ಸಸ್ಯಾಹಾರಿಗಳು ಸ್ಮಜೆನಿ ಸೀರ್ ಎಂಬ ಕರಿದ ಚೀಸ್, ಇಲ್ಲವೇ ಹಣ್ಣು ತುಂಬಿ ಬೇಯಿಸಿದ ಹಿಟ್ಟಿನ ಉಂಡೆ ಕ್ನೆದ್ಲೀಕಿ ಕೇಳಿ. ಬೆಳ್ಳುಳ್ಳಿ ಸಾರನ್ನು ಬಹಳ ಕಡೆ ಮಾಂಸದ ರಸದಲ್ಲಿ ಮಾಡುತ್ತಾರೆ, ಬ್ರಂಬೊರಾಕ್ ಎಂಬ ಆಲೂಗಡ್ಡೆ ದೋಸೆಯನ್ನು ಹಂದಿಕೊಬ್ಬಿನಲ್ಲಿ ಬೇಯಿಸುವುದೂ ಉಂಟು. ಎರಡನ್ನೂ ಕೇಳಿಕೊಂಡೇ ತಿನ್ನಿ.

ಹೆಜ್ಜೆ 7: ಬಂದ ದಾರಿಯಲ್ಲಿ ಮರಳಬೇಡಿ

ಮಧ್ಯಾಹ್ನದ ಮೇಲೆ ಮೂರು ಗಂಟೆಯಷ್ಟು ಹೊತ್ತು ಕೈಯಲ್ಲಿದ್ದರೆ ನದಿಯ ದಡದ ಸಪಾಟು ದಾರಿಯಲ್ಲಿ ಮುಂದಿನ ನಿಲ್ದಾಣ ಸ್ರ್ಬ್‌ಸ್ಕೊವರೆಗೆ ನಡೆಯಿರಿ, ಮಕ್ಕಳೂ ನಡೆಯುತ್ತಾರೆ. ಕಾಲು ಗಟ್ಟಿ ಇದ್ದು ಬೆಳಗ್ಗೆಯೇ ಕೋಟೆ ಮುಗಿಸಿದ್ದರೆ ಕಾಡಿನ ಕೆಂಪು ಗುರುತಿನ ದಾರಿ ಹಿಡಿಯಿರಿ. ಮರಗಳ ಮೇಲೆ ಬಿಳಿ-ಕೆಂಪು-ಬಿಳಿ ಪಟ್ಟೆ ಕಾಣುತ್ತದೆ. ಅದು ಬುಬೊವಿತ್ಸೆ ಜಲಪಾತಗಳ ಪಕ್ಕದಿಂದ ಬಂಡೆಯಡಿಯ ಸಂತ ಯಾನ್ ಹಳ್ಳಿಗೆ, ಅಲ್ಲಿಂದ ಬೆರೌನ್‌ಗೆ ಹೋಗುತ್ತದೆ. ಒಟ್ಟು 15 ಕಿ.ಮೀ. ಆಸುಪಾಸು. ಬೇಸಿಗೆಯಲ್ಲಿ ಜಲಪಾತ ಎಂದರೆ ಒದ್ದೆ ಕಲ್ಲು ಅಷ್ಟೇ, ಅದಕ್ಕಾಗಿ ಹೋಗಬೇಡಿ, ಕಾಡಿಗಾಗಿ ಹೋಗಿ. ಇದು ಸಂರಕ್ಷಿತ ಪ್ರದೇಶ, ದಾರಿ ಬಿಟ್ಟು ಇಳಿಯುವಂತಿಲ್ಲ. ಹತ್ತಿರದ ಹಳೆಯ ಕ್ವಾರಿ ವೆಲ್ಕಾ ಅಮೆರಿಕಾದ ನೀಲಿ ನೀರನ್ನು ಮೇಲಿನಿಂದಷ್ಟೇ ನೋಡಿ, ಇಳಿಯುವುದು, ಈಜುವುದು ಎರಡೂ ನಿಷಿದ್ಧ.

ಉಣುಗು ಎಂದರೇನೆಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಇಲ್ಲಿನ ಉಣುಗಿನಿಂದ ಲೈಮ್ ರೋಗ, ಮಿದುಳಿನ ಉರಿಯೂತ ಬರುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ರಾತ್ರಿ ಮಂಡಿಯ ಹಿಂಭಾಗ, ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ. ಕಚ್ಚಿದ್ದರೆ ಎಣ್ಣೆ ಹಚ್ಚಬೇಡಿ, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಬೆರೌನ್ ತಲುಪಿದ ಮೇಲೆ ಲೋಕಲ್ಲಿಗೇ ಕಾಯಬೇಕಿಲ್ಲ, ಪ್ರಾಗ್‌ಗೆ ಹೋಗುವ ವೇಗದ ರೈಲೂ ಅಲ್ಲಿ ನಿಲ್ಲುತ್ತದೆ.