ಹಿಂಬದಿಯಿಂದ ನೋಡಿದ ಲಾರಿ

ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಎಂದು ಲಾರಿ ಮಾರುವವರನ್ನು ಹಿಂದಿನ ದಿನವೇ ಕೇಳಿಕೊಂಡಿದ್ದೆ. ಹಳೆಯ ಡೀಸೆಲ್ ಎಂಜಿನ್ನಿನ ರೋಗ ತಿಳಿಯುವುದು ಅದು ತಣ್ಣಗಿದ್ದಾಗ ಮಾತ್ರ. ಬೆಳಗ್ಗೆ ಹೋಗಿ ಅಂಗೈಯಿಟ್ಟು ನೋಡಿದೆ, ತಣ್ಣಗಿತ್ತು. ಆ ಮನುಷ್ಯನ ಮೇಲೆ ನನಗೆ ಗೌರವ ಮೂಡಿದ್ದು ಆಗಲೇ.

ಲಾರಿ ಅಮೆರಿಕದ ಸೇನೆಯ ಎಂ816. ಕೆಸರಿನಲ್ಲಿ ಹೂತ, ಮಗುಚಿಬಿದ್ದ ವಾಹನಗಳನ್ನು ಎಳೆದು ತರುವ ರಿಕವರಿ ಲಾರಿ. ಎಎಂ ಜನರಲ್ ಕಂಪನಿ 1970ರ ದಶಕದಲ್ಲಿ ತಯಾರಿಸಿದ 5 ಟನ್ ವರ್ಗದ ಎಂ809 ಸರಣಿಗೆ ಸೇರಿದ್ದು. 14 ಲೀಟರಿನ ಕಮಿನ್ಸ್ ಎಂಜಿನ್, 240 ಅಶ್ವಶಕ್ತಿ, ಮೂರು ಆಕ್ಸಲ್‌ಗಳಿಗೂ ಚಾಲನೆ. ಪೂರ್ವ ಟೆಕ್ಸಸ್‌ನ ನನ್ನ ಪೈನ್ ತೋಪಿನಲ್ಲಿ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಹೂತುಹೋದರೆ ಎತ್ತಲು ಬೇರೆ ದಾರಿಯಿಲ್ಲ. ಇನ್ನೊಂದು ಕಾರಣವೂ ಇದೆ. ನಾನು ಬೆಳೆದದ್ದು ಸಕಲೇಶಪುರದ ಹತ್ತಿರ. ಘಟ್ಟದ ಕಾಡುದಾರಿಯಲ್ಲಿ ಮರದ ದಿಮ್ಮಿ ಹೊತ್ತು ಬರುತ್ತಿದ್ದ ಹಳೆಯ ಮಿಲಿಟರಿ ಲಾರಿಗಳ ಸದ್ದು ಕಿವಿಯಿಂದ ಇನ್ನೂ ಹೋಗಿಲ್ಲ.

ಎಲ್ಲರೂ ಬಾನೆಟ್ ಎತ್ತುವುದರಿಂದ ಶುರು ಮಾಡುತ್ತಾರೆ. ನಾನು ಹಿಂಬದಿಯಿಂದ ಶುರು ಮಾಡಿದೆ. ಈ ಲಾರಿ ದುಡಿಯುವುದು ಬಹುಪಾಲು ನಿಂತಲ್ಲೇ. ಓಡಿದ ಮೈಲುಗಳ ಲೆಕ್ಕ ಎಷ್ಟೇ ಕಡಿಮೆಯಿರಲಿ, ಕ್ರೇನ್ ಮತ್ತು ಹಗ್ಗ ಸುತ್ತಿ ಎಳೆಯುವ ವಿಂಚ್ ಎಷ್ಟು ದುಡಿದಿವೆ ಎಂಬುದನ್ನು ಅದು ಹೇಳುವುದಿಲ್ಲ. ಎಂಜಿನ್ನಿಗೆ ಬಿಡಿಭಾಗ ಸಿಗುತ್ತದೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ಈ ಕ್ರೇನಿನ ಬುಡದ ಹಲ್ಲುಚಕ್ರ ಸವೆದರೆ ಹುಡುಕಿಕೊಂಡು ಎಲ್ಲಿಗೆ ಹೋಗುವುದು?

ಹಿಂದಿನ ವಿಂಚ್‌ನ ಎಳೆಯುವ ಸಾಮರ್ಥ್ಯ 45,000 ಪೌಂಡ್, ಅಂದರೆ ಸುಮಾರು 20 ಟನ್. ಅದರ ಉಕ್ಕಿನ ಹಗ್ಗವನ್ನು ಕೊನೆಯ ಕೆಲವು ಸುತ್ತುಗಳು ಉಳಿಯುವವರೆಗೂ ಬಿಚ್ಚಿಸಿದೆ. ಅರ್ಧ ಗಂಟೆ ಹಿಡಿಯಿತು. ಹೊರಸುತ್ತು ಗ್ರೀಸ್ ಹಚ್ಚಿ ಹೊಳೆಯುತ್ತಿತ್ತು, ಒಳಸುತ್ತುಗಳಲ್ಲಿ ತುಕ್ಕು. ಒಂದು ಬಟ್ಟೆ ಸುತ್ತಿ ಹಗ್ಗದುದ್ದಕ್ಕೂ ಎಳೆದೆ. ಮೂರು ಕಡೆ ಸಿಕ್ಕಿಕೊಂಡಿತು, ಅಲ್ಲೆಲ್ಲ ಎಳೆಗಳು ತುಂಡಾಗಿದ್ದವು. ಹೀಗೆ ನೋಡುವಾಗ ಕೈಗೆ ದಪ್ಪ ಚರ್ಮದ ಗ್ಲೌಸ್ ಇರಲೇಬೇಕು.

ಮುಂದಿನ ವಿಂಚ್‌ನಲ್ಲಿ ಕಂಡದ್ದು ಇನ್ನೂ ಕೆಟ್ಟದ್ದು. ಅದಕ್ಕೆ ಬಲ ಒಯ್ಯುವ ಶಾಫ್ಟ್‌ನಲ್ಲಿ ಮೆತ್ತನೆ ಲೋಹದ ಶಿಯರ್ ಪಿನ್ ಇರಬೇಕು. ಹೊರೆ ಮಿತಿ ಮೀರಿದರೆ ಅದು ತುಂಡಾಗಿ ಉಳಿದದ್ದನ್ನು ಕಾಯುತ್ತದೆ. ಇಲ್ಲಿ ಯಾರೋ ಗಟ್ಟಿ ಉಕ್ಕಿನ ಬೋಲ್ಟ್ ಹಾಕಿದ್ದರು. ಹಾಗಾದರೆ ಮೊದಲು ಮುರಿಯುವುದು ಪಿನ್ ಅಲ್ಲ, ಗೇರ್ ಅಥವಾ ಹಗ್ಗ. ಬಿಗಿದ ಉಕ್ಕಿನ ಹಗ್ಗ ಕಡಿದು ಹಿಂದಕ್ಕೆ ಚಿಮ್ಮಿದರೆ ಎದುರಿಗಿದ್ದವನು ಉಳಿಯುವುದಿಲ್ಲ. ಕೆಲಸ ನಿಲ್ಲಬಾರದೆಂದು ಹೀಗೆ ಮಾಡುವವರನ್ನು ಕಂಡರೆ ನನಗೆ ಇಂದಿಗೂ ಕೋಪ ಬರುತ್ತದೆ.

ಕ್ರೇನಿನ ತೋಳು ಗಿಡ್ಡವಾಗಿದ್ದಾಗ, ಆಧಾರದ ಕಾಲುಗಳನ್ನು ಊರಿದ್ದಾಗ 20,000 ಪೌಂಡ್ ಎತ್ತಬೇಕು. ನಾನು ಅಷ್ಟೆಲ್ಲ ಎತ್ತಿಸಲಿಲ್ಲ. ಅಂಗಳದಲ್ಲಿದ್ದ ಸುಮಾರು 2 ಟನ್ನಿನ ಕಾಂಕ್ರೀಟ್ ದಿಮ್ಮಿಯನ್ನು ಎತ್ತಿಸಿ, ಎಂಜಿನ್ ನಿಲ್ಲಿಸಿ, ಅದರ ಪಕ್ಕದಲ್ಲಿ ಒಂದು ಕೋಲು ನೆಟ್ಟು ಸೀಮೆಸುಣ್ಣದಿಂದ ಗುರುತು ಹಾಕಿದೆ. ಹತ್ತು ನಿಮಿಷದಲ್ಲಿ ನಾಲ್ಕು ಬೆರಳಿನಷ್ಟು ಇಳಿಯಿತು. ಸಿಲಿಂಡರಿನ ಸೀಲ್ ಅಥವಾ ಹಿಡಿದಿಡುವ ವಾಲ್ವ್ ಸವೆದಿತ್ತೆಂದು ಅರ್ಥ. ಇದು ಸರಿಪಡಿಸಬಹುದಾದ ದೋಷ. ಸಮಾಧಾನವಾದದ್ದು ಬೇರೆ ಎರಡು ಸಂಗತಿಗಳಿಂದ: ಹೈಡ್ರಾಲಿಕ್ ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿರಲಿಲ್ಲ, ಅಂದರೆ ನೀರು ಸೇರಿರಲಿಲ್ಲ. ತೋಳನ್ನು ತುದಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಬುಡದಲ್ಲಿ ಸಡಿಲವೂ ಕಾಣಲಿಲ್ಲ.

ಕ್ರೇನ್ ಎತ್ತಿಸಲು ಚಾಲೂ ಮಾಡಿದಾಗಲೇ ಎಂಜಿನ್ ಮೂರನೆಯ ಸುತ್ತಿಗೇ ಹತ್ತಿಕೊಂಡಿತ್ತು. ಹೊಗೆ ಬೇಗ ತಿಳಿಯಾಗಿತ್ತು. ಎಂಜಿನ್ ಆಯಿಲ್‌ನಲ್ಲಿ ನೀರಿಲ್ಲ, ರೇಡಿಯೇಟರಿನಲ್ಲಿ ಎಣ್ಣೆಯಿಲ್ಲ.

ಬ್ರೇಕಿನ ವಿಷಯ ಬೇರೆ. ಈ ಸರಣಿಯಲ್ಲಿ ಗಾಳಿಯ ಒತ್ತಡ ಬ್ರೇಕ್ ಆಯಿಲನ್ನು ತಳ್ಳುತ್ತದೆ, ಎಲ್ಲ ಚಕ್ರಗಳಿಗೂ ಒಂದೇ ಆಯಿಲ್ ಮಾರ್ಗ. ಒಂದು ಕೊಳವೆ ಒಡೆದರೆ ಪೆಡಲಿನಲ್ಲಿ ಏನೂ ಉಳಿಯುವುದಿಲ್ಲ. ಲಾರಿಯ ತೂಕ ಸುಮಾರು 16 ಟನ್. ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿದೆ. ರಬ್ಬರ್ ಕೊಳವೆಗಳೆಲ್ಲ ಬಿರುಕು ಬಿಟ್ಟಿದ್ದವು, ಒಂದು ಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗಿದ ಗೆರೆಯಿತ್ತು.

"ಪಕ್ಕದ ಊರಿನವರೆಗೆ ಓಡಿಸಿ ನೋಡಿ" ಎಂದು ಮಾರುವವರು ಕೀಲಿಯಿಲ್ಲದ ಆ ಸ್ಟಾರ್ಟರ್ ಸ್ವಿಚ್ಚಿನ ಕಡೆ ಕೈ ತೋರಿಸಿದರು. ಅಂಗಳ ದಾಟಿಸುವುದಿಲ್ಲ ಎಂದೆ. ಬೋಲ್ಟ್ ಹಾಕಿದ ಜಾಗವನ್ನೂ ಕೊಳವೆಗಳನ್ನೂ ಒಂದೊಂದಾಗಿ ತೋರಿಸಿದೆ. ಅವರು ಟೋಪಿ ತೆಗೆದು ಬಹಳ ಹೊತ್ತು ನೋಡಿದರು, ಆಮೇಲೆ ತಾವಾಗಿಯೇ ಬೆಲೆ ಇಳಿಸಿದರು. ಚಾಸಿಯ ಫಲಕದಲ್ಲಿದ್ದ ಸಂಖ್ಯೆ ಕಾಗದಪತ್ರದ ಸಂಖ್ಯೆಗೆ ಹೊಂದುತ್ತದೆಯೇ ಎಂದು ಅಂಕಿ ಅಂಕಿಯಾಗಿ ತಾಳೆ ನೋಡಿ ಮುಂಗಡ ಕೊಟ್ಟೆ.

ಮೂರು ವಾರಗಳ ನಂತರ ಲಾರಿ ಟ್ರೇಲರಿನ ಮೇಲೆ ಮನೆಗೆ ಬಂತು. ಅದು ಬರುವ ಮೊದಲೇ ಬ್ರೇಕಿನ ಹೊಸ ಕೊಳವೆಗಳು ಮತ್ತು ಒಂದು ಡಬ್ಬಿ ಶಿಯರ್ ಪಿನ್ ತರಿಸಿಟ್ಟಿದ್ದೆ.