ಹಳೇ ಪಿಎಚ್‌ಪಿ ಕೋಡಿಗೆ ನೇಮ್‌ಸ್ಪೇಸ್ ಹಾಕಿದೆ: ನನ್ನ ಅನುಭವ

"ಆ ಹಳೇ ಕೋಡನ್ನು ಮುಟ್ಟಬೇಡ, ಹೊಸದಾಗಿ ಬರಿ" ಎಂದು ಗೆಳೆಯರೆಲ್ಲ ಹೇಳಿದ್ದರು. ಹೊಸದಾಗಿ ಬರೆಯಲು ಒಬ್ಬರು ಆರು ಲಕ್ಷದ ಕೊಟೇಶನ್ ಕೂಡ ಕೊಟ್ಟಿದ್ದರು. ನಾನು ಸುಮಾರು 80 ಸಾವಿರಕ್ಕೆ, ಹನ್ನೊಂದು ವಾರದಲ್ಲಿ ಮುಗಿಸಿದೆ. ಎಂಟು ತಿಂಗಳಿಂದ ಚೆನ್ನಾಗಿ ಓಡುತ್ತಿದೆ.

ಅದು ಒಬ್ಬ ಸಗಟು ವ್ಯಾಪಾರಿಯ ಬಿಲ್ಲಿಂಗ್ ಸಾಫ್ಟ್‌ವೇರ್. ಶುರುವಾದದ್ದು ವೆಬ್ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯ 5.2 ಆವೃತ್ತಿಯಲ್ಲಿ. ಕ್ಲಾಸುಗಳ (ಕೋಡಿನ ತುಂಡುಗಳ) ಹೆಸರು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಗುಂಪಿನಲ್ಲಿ ಇಡುವ ನೇಮ್‌ಸ್ಪೇಸ್ ಬಂದದ್ದೇ 2009ರಲ್ಲಿ, 5.3ರ ಜೊತೆ. ಸರ್ವರ್ 7.4ಕ್ಕೆ ಬಂದಿತ್ತು, ಕೋಡ್ ಮಾತ್ರ ಹಾಗೇ ಇತ್ತು. ಹೆಚ್ಚುಕಡಿಮೆ 340 ಫೈಲು. 2023ರ ಆಗಸ್ಟ್‌ನಿಂದ ವರ್ಷದ ವಹಿವಾಟು ಐದು ಕೋಟಿ ದಾಟಿದವರಿಗೂ ಜಿಎಸ್‌ಟಿಯ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್ಲು) ಕಡ್ಡಾಯ ಆಯಿತಲ್ಲ, ಆಗ ದುಡ್ಡು ಕೊಟ್ಟು ಅದಕ್ಕೊಂದು ಲೈಬ್ರರಿ (ಸಿದ್ಧ ಕೋಡ್) ತಂದೆವು. ಅದರಲ್ಲೂ ನೇಮ್‌ಸ್ಪೇಸ್ ಇಲ್ಲ. ಅದರಲ್ಲೂ 'ಇನ್‌ವಾಯ್ಸ್' ಕ್ಲಾಸ್, ನಮ್ಮಲ್ಲೂ 'ಇನ್‌ವಾಯ್ಸ್' ಕ್ಲಾಸ್! ಒಂದೇ ಹೆಸರಿನ ಎರಡು ಕ್ಲಾಸ್ ಬಂದರೆ ಪಿಎಚ್‌ಪಿ ಎರರ್ ಕೊಟ್ಟು ನಿಲ್ಲುತ್ತದೆ.

ಮೊದಲು ಲೈಬ್ರರಿಯ ಕ್ಲಾಸಿನ ಹೆಸರನ್ನೇ ಬದಲಿಸಿದೆ. ಮೂರು ಸಲ ಅಪ್‌ಡೇಟ್ ಬಂತು, ಮೂರೂ ಸಲ ರಾತ್ರಿ ಕೂತು ಮತ್ತೆ ಬದಲಿಸಿದೆ. ಆಮೇಲೆ ಒಂದು ಭಾನುವಾರ ನಮ್ಮ ಕೋಡನ್ನೆಲ್ಲ ಒಂದೇ ಏಟಿಗೆ ನೇಮ್‌ಸ್ಪೇಸ್‌ಗೆ ಹಾಕಿದೆ. ಸೋಮವಾರ ಹತ್ತು ಗಂಟೆಗೆ ರಿಪೋರ್ಟುಗಳೆಲ್ಲ ಬಿದ್ದವು. ಕಾರಣ, ಕ್ಲಾಸಿನ ಹೆಸರನ್ನು ಸ್ಟ್ರಿಂಗ್ (ಪಠ್ಯದ ತುಂಡು) ಜೋಡಿಸಿ ಕರೆಯುವ ಕಡೆ, ಉದ್ದ ಹೆಸರನ್ನು ಚಿಕ್ಕದಾಗಿ ಬರೆಯಲು ಬಿಡುವ 'ಯೂಸ್' ಸಾಲು ಕೆಲಸ ಮಾಡುವುದಿಲ್ಲ, ಪೂರ್ತಿ ಹೆಸರೇ ಬೇಕು. ಕೋಡಿನ ಹಳೇ ಪ್ರತಿಗಳನ್ನು ಇಟ್ಟುಕೊಳ್ಳುವ ಗಿಟ್‌ನಲ್ಲಿ ಹಿಂದಕ್ಕೆ ಹೋದೆ.

ಮೂರನೇ ಸಲ ಒಂದೊಂದೇ ಫೋಲ್ಡರ್ ಹಿಡಿದೆ. ಕ್ಲಾಸಿನ ಫೈಲನ್ನು ತಾನೇ ಹುಡುಕಿ ತರುವ ಆಟೋಲೋಡರ್ ಕೊಡುವ ಕಂಪೋಸರ್‌ನಲ್ಲಿ ಮೊದಲು ಕ್ಲಾಸ್‌ಮ್ಯಾಪ್ (ಯಾವ ಕ್ಲಾಸ್ ಯಾವ ಫೈಲಿನಲ್ಲಿದೆ ಎಂಬ ಪಟ್ಟಿ), ಫೋಲ್ಡರ್ ಸರಿಯಾದ ಮೇಲೆ ಪಿಎಸ್‌ಆರ್-4 (ನೇಮ್‌ಸ್ಪೇಸ್ ಹೆಸರಿನಂತೆಯೇ ಫೋಲ್ಡರ್ ಇರಬೇಕೆಂಬ ನಿಯಮ). ಹಳೇ ಹೆಸರಿಗೆಲ್ಲ ಕ್ಲಾಸ್ ಅಲಿಯಾಸ್ (ಹೊಸ ಕ್ಲಾಸನ್ನೇ ತೋರಿಸುವ ಅಡ್ಡಹೆಸರು) ಕೊಟ್ಟೆ. ಬಳಕೆದಾರರ ಸೆಷನ್‌ನಲ್ಲಿ ಹಳೇ ಕ್ಲಾಸಿನ ಹೆಸರಿನಲ್ಲೇ ಸೀರಿಯಲೈಸ್ ಆಗಿ (ಪಠ್ಯವಾಗಿ ಉಳಿದು) ಕೂತಿದ್ದ ಹಳೇ ಆಬ್ಜೆಕ್ಟುಗಳೂ ಅದರಿಂದಲೇ ಉಳಿದವು.

ಆದರೂ ಒಂದು ಪೆಟ್ಟು ಬಿತ್ತು. ನೇಮ್‌ಸ್ಪೇಸ್ ಒಳಗೆ ಫಂಕ್ಷನ್ ಸಿಗದಿದ್ದರೆ ಪಿಎಚ್‌ಪಿ ಗ್ಲೋಬಲ್‌ನಲ್ಲಿ (ಎಲ್ಲ ನೇಮ್‌ಸ್ಪೇಸ್‌ಗಳ ಹೊರಗೆ) ಹುಡುಕುತ್ತದೆ, ಕ್ಲಾಸನ್ನು ಹಾಗೆ ಹುಡುಕುವುದಿಲ್ಲ. ಪಿಎಚ್‌ಪಿಯದೇ ಕ್ಲಾಸ್ 'ಡೇಟ್‌ಟೈಮ್' ಮುಂದೆ ಬ್ಯಾಕ್‌ಸ್ಲ್ಯಾಶ್ (ಗ್ಲೋಬಲ್ ಎಂಬ ಗುರುತು) ಮರೆತರೆ ಕೂಡಲೇ ಎರರ್ ಬರುತ್ತದೆ, ಗೊತ್ತಾಗುತ್ತದೆ. ತೊಂದರೆ ಬಂದಾಗ ಅದನ್ನು ಹಿಡಿಯುವ ಕ್ಯಾಚ್ ಒಳಗಿನ 'ಎಕ್ಸೆಪ್ಶನ್' ಮುಂದೆ ಅದನ್ನು ಮರೆತರೆ ಆ ಕ್ಲಾಸ್ ಇಲ್ಲ ಎಂಬ ಎರರೂ ಇಲ್ಲ, ಆ ಕ್ಯಾಚ್ ಸುಮ್ನೆ ಹಿಡಿಯುವುದೇ ಇಲ್ಲ. ಪೋರ್ಟಲ್ ಟೈಮ್‌ಔಟ್ ಆದಾಗ ಬಿಲ್ಲು ಮರುಪ್ರಯತ್ನದ ಸಾಲಿಗೆ ಸೇರಬೇಕಿತ್ತು. ಸೇರಲಿಲ್ಲ. ಎರಡು ದಿನದಲ್ಲಿ ಸುಮಾರು 40 ಬಿಲ್ಲುಗಳಿಗೆ ಐಆರ್‌ಎನ್ (ಪೋರ್ಟಲ್ ಕೊಡುವ ಇ-ಇನ್‌ವಾಯ್ಸ್ ಸಂಖ್ಯೆ) ಇಲ್ಲ. ಕೈಯಲ್ಲೇ ಒಂದೊಂದಾಗಿ ಹಾಕಿ ಕೊಟ್ಟೆ, 15 ಸಾವಿರ ಫೀಸು ಬಿಟ್ಟೆ.

ಇನ್ನೊಂದು, ನನ್ನ ಲ್ಯಾಪ್‌ಟಾಪ್ ವಿಂಡೋಸ್. ಫೋಲ್ಡರ್ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಸಣ್ಣದಿದ್ದರೂ ಇಲ್ಲಿ ಓಡುತ್ತಿತ್ತು, ಲಿನಕ್ಸ್ ಸರ್ವರ್‌ನಲ್ಲಿ ಕ್ಲಾಸ್ ಸಿಗುತ್ತಿರಲಿಲ್ಲ.

ನಡುವೆ ಒಂದು ಆಸೆ. ಕನ್ನಡದಲ್ಲೇ 'ಲೆಕ್ಕ' ಎಂದು ನೇಮ್‌ಸ್ಪೇಸ್ ಬರೆದು ನೋಡಿದೆ. ಓಡಿತು! ಎಷ್ಟು ಖುಷಿಯಾಯಿತು ಗೊತ್ತಾ. ಆದರೆ ಎರಡು ಕೀಬೋರ್ಡುಗಳಲ್ಲಿ ಟೈಪ್ ಮಾಡಿದ ಒಂದು ಹೆಸರಿನಲ್ಲಿ ಕಣ್ಣಿಗೆ ಕಾಣದ ಜಾಯಿನರ್ ಅಕ್ಷರ ಸೇರಿತ್ತು. ಪಿಎಚ್‌ಪಿಗೆ ಅವು ಬೇರೆ ಬೇರೆ ಹೆಸರು. ಗ್ರಾಹಕರ ಕೋಡಿನಲ್ಲಿ ಅದನ್ನು ಬಿಟ್ಟೆ, ನನ್ನ ಸ್ವಂತದ್ದರಲ್ಲಿ ಇಟ್ಟುಕೊಂಡಿದ್ದೇನೆ.

ಯಾವ ಹಳೇ ಹೆಸರು ಇನ್ನೂ ಬಳಕೆಯಲ್ಲಿದೆ ಎಂದು ಆಟೋಲೋಡರ್‌ನಿಂದಲೇ ಲಾಗ್ ತೆಗೆಯುತ್ತೇನೆ. ಸ್ಟ್ರಿಂಗ್ ಹೆಸರುಗಳನ್ನು ಹುಡುಕುವ ನನ್ನ ಸ್ಕ್ರಿಪ್ಟ್ ಮಾತ್ರ ಇಲ್ಲಿ ಕೊಡುವುದಿಲ್ಲ, ಅದರಿಂದಲೇ ಮುಂದಿನ ಎರಡು ಕೆಲಸ ಸಿಕ್ಕಿವೆ. 200 ಚಿಲ್ಲರೆ ಅಲಿಯಾಸ್‌ಗಳಲ್ಲಿ ಈಗ ಉಳಿದದ್ದು 14. ಯುಗಾದಿಯೊಳಗೆ ಅವನ್ನೂ ಅಳಿಸುತ್ತೇನೆ.