ಚಮಚ ಬಿಟ್ಟು ಮುದ್ದೆಗೆ ಬಂದ ಕಥೆ

ಮಂಡ್ಯ ಜಿಲ್ಲೆಯ ಒಂದು ಸಣ್ಣ ವಿಶೇಷ ಶಾಲೆಯಲ್ಲಿ ನಾನು ಟೀಚರ್. ತರಗತಿಯಲ್ಲಿ 9 ಮಕ್ಕಳು, ನಾನು, ಒಬ್ಬರು ಆಯಮ್ಮ. ಪ್ರತಿ ಮಗುವಿಗೂ ಜೂನ್‌ನಲ್ಲಿ ಒಂದು ಐಇಪಿ ಬರೆಯಬೇಕು. ಆ ಮಗು ಈ ವರ್ಷ ಏನು ಕಲಿಯಬೇಕು, ಯಾರು ಹೇಗೆ ಕಲಿಸಬೇಕು ಅನ್ನುವ ಯೋಜನೆ ಅದು. ಮೊದಲ ಮೂರು ವರ್ಷ ನಾನೊಬ್ಬಳೇ ಕೂತು ಬರೆದೆ. ಅಕ್ಷರ ದುಂಡಗಿತ್ತು, ಫೈಲು ಅಚ್ಚುಕಟ್ಟಾಗಿತ್ತು. ನೋಡಲು ಬಂದವರೆಲ್ಲ ಶಭಾಶ್ ಅಂದು ಹೋದರು.

ಆ ಫೈಲಿನಲ್ಲಿ 8 ವರ್ಷದ ಒಬ್ಬ ಹುಡುಗನಿಗೆ ನಾನು ಬರೆದ ಗುರಿ ಹೀಗಿತ್ತು: ‘ಮೂರು ತಿಂಗಳಲ್ಲಿ ಎಡಗೈಯಲ್ಲಿ ಚಮಚ ಹಿಡಿದು ತಾನೇ ಊಟ ಮಾಡುತ್ತಾನೆ.’ ಅವನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಬಲಗೈ ಹೇಳಿದ ಮಾತು ಕೇಳುವುದಿಲ್ಲ. ಎಡಗೈ ಪರವಾಗಿಲ್ಲ. ಹಿಡಿಗೆ ಸ್ಪಂಜು ಸುತ್ತಿದ ಚಮಚ ತಂದೆ. ಮೂರು ತಿಂಗಳು ಕಳೆಯಿತು, ಆರೂ ಕಳೆಯಿತು. ಆಯಮ್ಮ ಅವನಿಗೆ ತುತ್ತು ಕೊಡುತ್ತಲೇ ಇದ್ದರು. ನನಗೆ ಸಿಟ್ಟು ಬರುತ್ತಿತ್ತು. ಹೇಳಿದ್ದನ್ನು ಮಾಡುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಗೊಣಗಿಯೂ ಇದ್ದೆ.

ಆಮೇಲೆ ಆಯಮ್ಮನನ್ನೂ ಯೋಜನೆಗೆ ಸೇರಿಸಿಕೊಳ್ಳೋಣ ಅಂತ ಆಫೀಸಿಗೆ ಕರೆದೆ. ಕುರ್ಚಿ ಹಾಕಿ ಕೂರಿಸಿ, ಬರೆದದ್ದನ್ನು ಓದಿ ಹೇಳಿದೆ. ಎಲ್ಲದಕ್ಕೂ ‘ಸರಿ ಟೀಚರ್’ ಅಂದರು. ಹತ್ತು ನಿಮಿಷದಲ್ಲಿ ಮೀಟಿಂಗ್ ಮುಗಿಯಿತು. ಮೀಟಿಂಗ್ ಅಂತ ನಾನು ಅಂದುಕೊಂಡಿದ್ದೆ ಅಷ್ಟೇ. ಅವರ ಪಾಲಿಗೆ ಅದು ಬೈಯೋಕೆ ಕರೆದ ಹಾಗಿತ್ತಂತೆ. ಇದನ್ನು ಅವರೇ ಒಂದು ವರ್ಷ ಆದಮೇಲೆ ನಗುತ್ತಾ ಹೇಳಿದರು.

ಎರಡನೇ ಸಲ ಜಾಗ ಬದಲಾಯಿಸಿದೆ. ಶನಿವಾರ ಮಕ್ಕಳು ಹೋದ ಮೇಲೆ, ತರಗತಿಯ ಚಾಪೆಯ ಮೇಲೆ. ಆ ಒಂದು ಗಂಟೆಗೆ ನೆಲ ಒರೆಸುವ ಕೆಲಸ ಬೇಡ, ಇದನ್ನೂ ಡ್ಯೂಟಿ ಅಂತಲೇ ಲೆಕ್ಕ ಹಿಡಿಯಿರಿ ಅಂತ ಹೆಡ್ ಮೇಡಂ ಹತ್ತಿರ ಕೇಳಿಕೊಂಡೆ. ಸುಲಭಕ್ಕೆ ಒಪ್ಪಲಿಲ್ಲ. ‘ಐಇಪಿ ಮೀಟಿಂಗಲ್ಲಿ ಆಯಾಗೆ ಏನ್ರೀ ಕೆಲಸ’ ಅಂತ ಸಹೋದ್ಯೋಗಿಗಳೂ ಅಂದರು. ಆದರೆ ಸಂಬಳವಿಲ್ಲದ ಹೊತ್ತಿನಲ್ಲಿ ಕೂರಿಸಿಕೊಂಡು ಅಭಿಪ್ರಾಯ ಕೇಳಿದರೆ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ?

ಪ್ರಶ್ನೆಯನ್ನೂ ಬದಲಾಯಿಸಿದೆ. ‘ಏನು ಮಾಡೋಣ’ ಅನ್ನಲಿಲ್ಲ. ‘ಅಕ್ಕ, ನಿನ್ನೆ ಇವನು ಊಟ ಮಾಡಿದ್ದು ಹೇಗೆ? ತಟ್ಟೆ ಇಟ್ಟಲ್ಲಿಂದ ಹೇಳಿ’ ಅಂದೆ.

‘ಚಮಚದಲ್ಲಿ ಯಾರು ಟೀಚರ್ ಮುದ್ದೆ ತಿಂತಾರೆ?’ ಅಂದರು ಅಕ್ಕ. ಅವರು ದಿನಾ ವ್ಯಾನಿನಲ್ಲಿ ಮಕ್ಕಳ ಜೊತೆ ಹೋಗುವವರು. ಪ್ರತಿ ಮನೆಯ ಬಾಗಿಲು ಗೊತ್ತು. ಆ ಮನೆಯಲ್ಲಿ ಎಡಗೈಲಿ ಉಣ್ಣಲು ಅಜ್ಜಿ ಬಿಡುವುದಿಲ್ಲ. ಬಲಗೈಲಿ ಅವನಿಗೆ ಆಗುವುದಿಲ್ಲ. ಹಾಗಾಗಿ ಅಜ್ಜಿಯೇ ತಿನ್ನಿಸುತ್ತಾರೆ. ಇಲ್ಲಿ ಎಡಗೈ ಕಲಿಸಿದರೆ ಮನೇಲಿ ಏಟು ಬೀಳುತ್ತದೆ ಅಂತ ಅಕ್ಕ ಸುಮ್ಮನಿದ್ದರು. ನನ್ನ ಫೈಲಿನಲ್ಲಿ ಅಜ್ಜಿಯೇ ಇರಲಿಲ್ಲ!

ಮುಂದಿನದ್ದನ್ನೆಲ್ಲ ಅಕ್ಕನೇ ಹೇಳಿದರು. ಮುದ್ದೆಯನ್ನು ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿಡುವುದು. ತಟ್ಟೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸುವುದು. ಬಲಗೈ ಸುಮ್ನೆ ತಟ್ಟೆಯ ಅಂಚು ಹಿಡಿದಿರಲಿ, ಎಡಗೈ ಅದ್ದಿ ತೆಗೆಯಲಿ. ಅಜ್ಜಿಯನ್ನು ಒಂದು ದಿನ ಊಟದ ಹೊತ್ತಿಗೇ ಕರೆಸಿದೆವು. ಅಜ್ಜಿ ಮುಖ ಗಂಟು ಹಾಕಿಕೊಂಡು ಕೂತಿದ್ದರು. ‘ಅವ್ವಾ, ಕೃಷ್ಣ ಬೆಣ್ಣೆ ತಿನ್ನುವಾಗ ಯಾವ ಕೈ ಅಂತ ನೋಡಿದ್ನಾ?’ ಅಂದರು ಅಕ್ಕ. ಅಜ್ಜಿ ನಗಲಿಲ್ಲ. ಆದರೆ ಮೊಮ್ಮಗ ಐದನೇ ಉಂಡೆ ತಾನೇ ನುಂಗಿದಾಗ ಸೆರಗಿನಿಂದ ಅವನ ಬಾಯಿ ಒರೆಸಿದರು. ಆಮೇಲೆ ಮನೆಯಲ್ಲೂ ಶುರುವಾಯಿತು. ಹಬ್ಬದ ದಿನ ಮಾತ್ರ ಎಡಗೈ ಬೇಡ ಅಂದರಂತೆ. ಇರಲಿ.

ಮಕ್ಕಳಿಗೆ ಏನೇನು ಬರುತ್ತದೆ ಅಂತ ಅಳೆಯಲು ನಾವು ಬಳಸುವುದು ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ಸಿಕಂದರಾಬಾದಿನಲ್ಲಿರುವ ರಾಷ್ಟ್ರೀಯ ಸಂಸ್ಥೆಯ ಎಫ್‌ಎಸಿಪಿ ಪಟ್ಟಿ. ತಾನೇ ಮಾಡಿದರೆ ಪ್ಲಸ್, ಬಾಯಲ್ಲಿ ಹೇಳಿದರೆ ಮಾಡುವುದಕ್ಕೆ ವಿಪಿ, ಕೈ ಹಿಡಿದು ಮಾಡಿಸಬೇಕಾದರೆ ಪಿಪಿ. ಒಬ್ಬ ಹುಡುಗಿಯ ಶೌಚದ ಸಾಲಿನಲ್ಲಿ ನಾನು ಪಿಪಿ ಹಾಕಿದ್ದೆ. ‘ನೀವಿದ್ರೆ ಕೈ ಹಿಡೀಬೇಕು, ನಾನಿದ್ರೆ ಬಾಯಲ್ಲಿ ಹೇಳಿದ್ರೆ ಸಾಕು’ ಅಂದರು ಅಕ್ಕ. ನಿಜ. ಅವಳು ನನ್ನ ಹತ್ತಿರ ನಾಟಕ ಮಾಡುತ್ತಿದ್ದಳು.

ಅಕ್ಕನಿಗೆ ಓದು ಬರಹ ಕಮ್ಮಿ. ದಾಖಲೆಗೆ ಎರಡು ಡಬ್ಬಿ ಇಟ್ಟೆವು. ಹುಡುಗಿ ತಾನೇ ಕೇಳಿ ಶೌಚಕ್ಕೆ ಹೋದರೆ ಹಸಿರು ಡಬ್ಬಿಗೆ ಒಂದು ಹುಣಸೆ ಬೀಜ. ಬಟ್ಟೆ ಒದ್ದೆಯಾದರೆ ಕೆಂಪು ಡಬ್ಬಿಗೆ. ಸಂಜೆ ನಾನು ಎಣಿಸಿ ಬರೆಯುತ್ತೇನೆ. ನಾನು ಮಾಡಿದ್ದ ಚಾರ್ಟಿಗಿಂತ ಇದು ಎಷ್ಟೋ ವಾಸಿ. ಮರೆತರೆ ಮಕ್ಕಳೇ ನೆನಪಿಸುತ್ತಾರೆ.

ಎಡವಟ್ಟೂ ಆಯಿತು. ಚಾಪೆಯ ಮೇಲೆ ಆಡಿದ ಒಂದು ಮಾತು ವ್ಯಾನಿನಲ್ಲಿ ಇನ್ನೊಬ್ಬ ತಾಯಿಗೆ ತಲುಪಿತು. ಆ ಮಗುವಿನ ಅಮ್ಮ ಅಳುತ್ತಾ ಬಂದರು. ತಪ್ಪು ನನ್ನದೇ ಜಾಸ್ತಿ. ಫೈಲನ್ನು ಬೀರುವಿನಲ್ಲಿ ಬೀಗ ಹಾಕಿಡುವ ನಾನು, ಇಲ್ಲಿನ ಮಾತು ಇಲ್ಲೇ ಇರಬೇಕು ಅಂತ ಅಕ್ಕನಿಗೆ ಒಂದು ಸಲವೂ ಹೇಳಿರಲಿಲ್ಲ. ಇಬ್ಬರೂ ಹೋಗಿ ಆ ತಾಯಿಯ ಹತ್ತಿರ ಕ್ಷಮೆ ಕೇಳಿದೆವು.

ಐಇಪಿ ಫಾರಂನ ಕೊನೆಯಲ್ಲಿ ಪೋಷಕರ ಸಹಿ, ಫಿಸಿಯೋ ಸಹಿ, ನನ್ನ ಸಹಿ. ನನ್ನದರ ಕೆಳಗೆ, ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ. ಆಯಮ್ಮನಿಗೆ ಜಾಗವಿಲ್ಲ. ಈಗ ನಾನೇ ಸ್ಕೇಲು ಹಿಡಿದು ಒಂದು ಗೆರೆ ಎಳೆಯುತ್ತೇನೆ. ಅಕ್ಕ ನಿಧಾನವಾಗಿ ಹೆಸರು ಬರೆಯುತ್ತಾರೆ.

ಈ ಜೂನ್‌ನಲ್ಲಿ 12 ವರ್ಷದ ಹುಡುಗನೊಬ್ಬನಿಗೆ ಶರ್ಟಿನ ಗುಂಡಿ ಹಾಕುವ ಗುರಿ ಬರೆದಿದ್ದೆ. ಅಕ್ಕ ಸಹಿ ಹಾಕಲಿಲ್ಲ. ‘ಗುಂಡಿ ಆಮೇಲೆ ಟೀಚರ್. ಮೊದಲು ವ್ಯಾನ್ ಇಳಿಯೋದು ಕಲೀಲಿ. ದಿನಾ ಎತ್ತಿ ಎತ್ತಿ ನನ್ನ ಸೊಂಟ ಹೋಯ್ತು.’ ಗುಂಡಿಯನ್ನು ಮುಂದಕ್ಕೆ ಹಾಕಿದೆ. ಫಿಸಿಯೋ ಹೇಳಿದ ಅಳತೆಗೆ ಒಂದು ಮರದ ಮೆಟ್ಟಿಲು ಮಾಡಿಸಿದೆವು. ಮೊದಲ ವಾರ ಅವನು ಅದರ ಮೇಲೆ ಕೂತುಬಿಡುತ್ತಿದ್ದ. ಈಗ ಡ್ರೈವರ್ ಅಣ್ಣನ ಕೈ ಹಿಡಿದು ಇಳಿಯುತ್ತಾನೆ. ಹತ್ತಲು ಇನ್ನೂ ಅಕ್ಕನೇ ಬೇಕು.